ಹನ್ನೆರಡು ಕ್ಯೂಬುಗಳೂ ನನ್ನ ನಾಲಗೆಯೂ

ನನಗೊಂದು ಅಭ್ಯಾಸವಿದೆ, ಹೊರಗೆ ಹೇಳಿಕೊಳ್ಳುವಂಥದ್ದಲ್ಲ. ಯಾರ ಮನೆಯೆದುರಾದರೂ ಕಟ್ಟಡಕ್ಕೆಂದು ಮರಳು ಇಳಿಸಿದ್ದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದಾದರೆ ಒಂದು ಚಿಟಿಕೆ ಎತ್ತಿ ನಾಲಗೆಯ ತುದಿಗೆ ತಾಗಿಸಿ, ಉಗುಳಿ, ಮುಂದೆ ಹೋಗುತ್ತೇನೆ. ಮೊನ್ನೆ ಸಿಕ್ಕಿಬಿದ್ದೆ. ಪಕ್ಕದ ಹಿತ್ತಿಲಲ್ಲಿ ಮನೆ ಕಟ್ಟಿಸುತ್ತಿರುವ ಬ್ಯಾಂಕಿನವರು ತೆಂಗಿನ ಮರದ ಹಿಂದೆ ನಿಂತಿದ್ದದ್ದು ನನಗೆ ಕಾಣಿಸಿರಲಿಲ್ಲ. ಅವರು ಮರ್ಯಾದಸ್ಥರು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಕೆಲವರಿಗೆ ಹೀಗೆ ಮಣ್ಣು ತಿನ್ನಬೇಕೆನಿಸುತ್ತದಂತೆ, ಒಮ್ಮೆ ಡಾಕ್ಟರರಿಗೆ ತೋರಿಸಬಹುದಿತ್ತು ಎಂದರು. ಉಪ್ಪುಂಟಾ ಎಂದು ನೋಡಿದೆ ಎಂದೆ. ಅವರ ಮುಖ ಬದಲಾಯಿತು. "ಉಂಟಾ?" ಎಂದು ಕೇಳಿದರು. ಇಲ್ಲ, ಹೊಳೆಯದ್ದೇ ಎಂದ ಮೇಲೆ ನನ್ನ ಆರೋಗ್ಯದ ವಿಚಾರ ಅವರಿಗೆ ಮರೆತೇಹೋಯಿತು.

ಈ ಅಭ್ಯಾಸ ಅಂಟಿಸಿದವರು ನನ್ನ ಯಜಮಾನರು, ಫೆಲಿಕ್ಸ್. ಅವರು ಮೇಸ್ತ್ರಿ. ಕಾರ್ಕಳದಿಂದ ಕಾಪುವಿನವರೆಗೆ ಅವರು ಎಬ್ಬಿಸಿದ ಗೋಡೆಗಳಿವೆ. ಕಡಲ ಬದಿಯ ಮರಳು ಕೈಗೆ ಸುಲಭ. ಆದರೆ ಅದರ ಉಪ್ಪು ಕಾಂಕ್ರೀಟಿನೊಳಗೆ ಕುಳಿತು ಕಬ್ಬಿಣದ ಸರಳನ್ನು ತಿನ್ನುತ್ತದೆ. ಮೇಲೆ ಸುಣ್ಣ ಬಳಿದು ಚೆಂದ ಕಾಣುವ ಸೂರು ಹತ್ತು ಹದಿನೈದು ವರ್ಷಕ್ಕೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಲಾರಿಯವರು ಹೊಳೆಯದ್ದೆಂದು ಹೇಳಿ ಕಡಲಿನದ್ದನ್ನು ಸುರಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಮೇಸ್ತ್ರಿಗಳು ಬಾಯಿಗೆ ಹಾಕಿ ನೋಡುತ್ತಾರೆ. ಆದರೆ ಎಲೆಯಡಿಕೆ ಹೊಗೆಸೊಪ್ಪು ಹಾಕಿ ಹಾಕಿ ಫೆಲಿಕ್ಸರ ನಾಲಗೆ ಮದುವೆಗೆ ಮೊದಲೇ ಸತ್ತುಹೋಗಿತ್ತು. ಬೇರೆ ಗಂಡಂದಿರು ಸಂಜೆ ಕಟಪಾಡಿಯಲ್ಲಿ ಬಸ್ಸಿಳಿದು ಬಾಳೆಎಲೆಯಲ್ಲಿ ಶಂಕರಪುರದ ಮಲ್ಲಿಗೆ ಕಟ್ಟಿಸಿಕೊಂಡು ಬರುತ್ತಿದ್ದರು. ನನ್ನವರು ಅದೇ ಥರದ ಎಲೆಯಲ್ಲಿ ಮರಳು ಕಟ್ಟಿಕೊಂಡು ಬಂದು, ಹೇಗುಂಟು ನೋಡು ಎನ್ನುತ್ತಿದ್ದರು. ನಾನು ನೋಡಿ ಹೇಳುತ್ತಿದ್ದೆ. ತಪ್ಪಿದ್ದು ನೆನಪಿಲ್ಲ. ಒಂದು ಸಲ ಬಿಟ್ಟು. ಆ ಒಂದು ಸಲದ್ದೇ ಈಗ ಹೇಳಹೊರಟದ್ದು.

ಆಗ ನಾವು ಪರ್ಕಳದಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಮನೆಯ ಬದಿಯ ಕೋಣೆಯನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಆ ವರ್ಷ ಇದ್ದವನು ಕಾಪುವಿನ ಇಸ್ಮಾಯಿಲ್, ಸಿವಿಲ್ ಇಂಜಿನಿಯರಿಂಗಿನ ಕೊನೆಯ ವರ್ಷ. ಅವನ ಮನೆಮಾತು ಬ್ಯಾರಿ, ನಮ್ಮದು ಕೊಂಕಣಿ. ಊಟ, ತಿಂಡಿ, ಮಳೆ, ಬಿಸಿಲಿನ ಮಾತೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ವಿಷಯ ಗಂಭೀರವಾದರೆ ಮೂವರೂ ಕನ್ನಡಕ್ಕೆ ಹೊರಳುತ್ತಿದ್ದೆವು, ಇಸ್ತ್ರಿ ಹಾಕಿದ ಅಂಗಿ ತೊಟ್ಟುಕೊಂಡ ಹಾಗೆ.

ಅವನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಗಂಜಿ ಉಣ್ಣುತ್ತಾ ಪಾಠ ಹೇಳುತ್ತಿದ್ದ. ಯಾರಿಗಾದರೂ ಹೇಳಿದರೆ ಅವನಿಗೆ ಕಲಿತದ್ದು ನಿಲ್ಲುತ್ತಿತ್ತಂತೆ. ಕಾಂಕ್ರೀಟು ಹಪ್ಪಳದ ಹಾಗೆ ಒಣಗಿ ಗಟ್ಟಿಯಾಗುತ್ತದೆ ಎಂದೇ ನಾನು ತಿಳಿದಿದ್ದೆ, ಅದೂ ಮೇಸ್ತ್ರಿಯ ಹೆಂಡತಿಯಾಗಿ. ಅಲ್ಲವಂತೆ. ಅದು ನೀರು ಕುಡಿದು ಗಟ್ಟಿಯಾಗುವುದಂತೆ. ಕಲಸುವಾಗ ನೀರು ಜಾಸ್ತಿಯಾದರೆ ಬಲವಿಲ್ಲ. ಗಟ್ಟಿಕಟ್ಟಿದ ಮೇಲೆ ನೀರು ಕಡಿಮೆಯಾದರೆ ಬಲವಿಲ್ಲ. ಅಕ್ಕಿ ನೆನೆಸುವಾಗ ಎಷ್ಟು ನೀರಾದರೂ ಆದೀತು, ರುಬ್ಬುವಾಗ ಸುರಿದರೆ ದೋಸೆ ಕೆಟ್ಟಿತು, ಹಾಗಾ ಎಂದು ಕೇಳಿದೆ. ಅವನು ಯೋಚಿಸಿ, ಇದು ಸ್ವಲ್ಪ ತಿರುಗಾಮುರುಗ, ಆದರೆ ಪರವಾಗಿಲ್ಲ ಎಂದ. ಕಲಸಿದ್ದು ಹದವಾಗಿದೆಯೋ ಎಂದು ನೋಡಲು ತಳವಿಲ್ಲದ ತಗಡಿನ ಪಾತ್ರೆಯೊಂದರಲ್ಲಿ ತುಂಬಿ, ಪಾತ್ರೆಯನ್ನು ಮೇಲಕ್ಕೆತ್ತಿ, ರಾಶಿ ಎಷ್ಟು ಕುಸಿಯಿತೆಂದು ಅಳೆಯುತ್ತಾರಂತೆ. ಇದನ್ನು ಕೇಳಿದ ಫೆಲಿಕ್ಸರು, ನಾನು ಮುಷ್ಟಿಯಲ್ಲಿ ಹಿಡಿದು ಹೇಳುವುದನ್ನು ಹೇಳಲು ಇವರಿಗೆ ಮೂರು ಜನ ಬೇಕು ಎಂದು ಹಿತ್ತಿಲಿಗೆ ಹೋಗಿ ಉಗುಳಿ ಬಂದರು.

ಇಸ್ಮಾಯಿಲನ ಮನಸ್ಸೆಲ್ಲ ಬಂದರಿನಲ್ಲಿತ್ತು. ತೆರೆಯನ್ನು ತಡೆಯಲು ಗೋಡೆ ಕಟ್ಟಿದರೆ ತೆರೆ ಗೋಡೆಯನ್ನೇ ಕೆಡಹುತ್ತದೆ, ಅದಕ್ಕೆ ನಾಲ್ಕು ಕಾಲಿನ ಕಾಂಕ್ರೀಟು ದಿಮ್ಮಿಗಳನ್ನು ಒಂದರೊಳಗೊಂದು ಸಿಕ್ಕಿಸಿ ರಾಶಿ ಹಾಕುತ್ತಾರೆ, ನೀರು ಸಂದಿಗಳಲ್ಲಿ ನುಗ್ಗಿ ನುಗ್ಗಿ ಸುಸ್ತಾಗುತ್ತದೆ ಎನ್ನುತ್ತಿದ್ದ. ಮಸಿಯಿಂದ ನೆಲದ ಮೇಲೆ ಒಂದು ದಿಮ್ಮಿಯ ಚಿತ್ರ ಬರೆದು ತೋರಿಸಿದ. ಬೆನ್ನ ಮೇಲೆ ಬಿದ್ದ ಬೆಕ್ಕಿನ ಹಾಗಿತ್ತು. ಕರಾವಳಿಯ ಒಂದು ಬಂದರು ಕೆಲಸದಲ್ಲಿ ಇಂಥ ದಿಮ್ಮಿ ಎರೆಯುವಲ್ಲಿಗೆ ಅವನನ್ನು ಸೇರಿಸಿಕೊಳ್ಳುವ ಮಾತಾಗಿತ್ತು. ಮೇ ತಿಂಗಳೊಳಗೆ ಪಾಸಾದ ಕಾಗದ ತೋರಿಸಬೇಕು, ಅಷ್ಟೇ. ಆಗದಿದ್ದರೆ ಅವನ ಅಣ್ಣ ಗಲ್ಫಿನಿಂದ ಕಳುಹಿಸಿದ ವೀಸಾ ಪೆಟ್ಟಿಗೆಯಲ್ಲಿತ್ತು. ಅಲ್ಲಿ ಅಂಗಡಿಯೊಂದರಲ್ಲಿ ಸಾಮಾನು ಕಟ್ಟುವ ಕೆಲಸ. ಅಣ್ಣ ಕೆಟ್ಟವನಲ್ಲ. ಒಂದು ವರ್ಷ ಕಾದೆ, ಇನ್ನು ವೀಸಾ ಕಾಯುವುದಿಲ್ಲ ಎಂದು ಬರೆದಿದ್ದ.

ಎಲ್ಲ ಪರೀಕ್ಷೆ ಮುಗಿದು ಉಳಿದದ್ದು ಒಂದು ಪ್ರಾಜೆಕ್ಟು. ಬಾವಿನೀರಲ್ಲಿ ಕಲಸಿದ ಆರು, ಕಡಲ ನೀರಲ್ಲಿ ಕಲಸಿದ ಆರು, ಹೀಗೆ ಹನ್ನೆರಡು ಕಾಂಕ್ರೀಟು ಕ್ಯೂಬುಗಳನ್ನು ಎರೆದು, ಇಪ್ಪತ್ತೆಂಟು ದಿನ ನೀರಲ್ಲಿ ಮುಳುಗಿಸಿಟ್ಟು, ಕಾಲೇಜಿನ ಯಂತ್ರದಲ್ಲಿ ಒತ್ತಿ ಒಡೆದು, ಯಾವುದಕ್ಕೆ ಎಷ್ಟು ಬಲ ಎಂದು ಬರೆಯಬೇಕು. ಕಾಲೇಜಿನ ತೊಟ್ಟಿಗೆ ಉಪ್ಪುನೀರು ತರಬೇಡಿ ಎಂದಿದ್ದರಿಂದ ಕ್ಯೂಬುಗಳು ನಮ್ಮ ಅಂಗಳಕ್ಕೆ ಬಂದವು. ಒಂದೊಂದೂ ಎಂಟು ಕಿಲೋ. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ದಿನಗಳು. ಫೆಲಿಕ್ಸರು ಹೇಗೋ ಅರ್ಧ ಚೀಲ ಹೊಂದಿಸಿಕೊಟ್ಟಿದ್ದರು. ಕಡಲ ನೀರನ್ನು ಅವನು ಕಾಪುವಿನಿಂದ ಕ್ಯಾನಿನಲ್ಲಿ ಬಸ್ಸಿನಲ್ಲೇ ತಂದ. ಕಂಡಕ್ಟರನಿಗೆ ಅದು ಕಳ್ಳೆಂದು ಸಂಶಯ. ಮುಚ್ಚಳ ತೆಗೆಸಿ, ಮೂಸಿ, ನಂಬಿಕೆ ಬಾರದೆ ಒಂದು ಗುಟುಕು ಕುಡಿದೂ ಬಿಟ್ಟನಂತೆ. ಆಮೇಲೆ ಉಡುಪಿಯವರೆಗೂ ಇವನ ಕಡೆ ತಿರುಗಿ ನೋಡಲಿಲ್ಲವಂತೆ.

ಬಾವಿನೀರಿನ ಆರು ನಮ್ಮ ದನದ ಕಲ್ಲಿನ ಮರಿಗೆಯಲ್ಲಿ ಮುಳುಗಿದವು, ದನ ಕೊಟ್ಟು ಎರಡು ವರ್ಷವಾಗಿತ್ತು. ಕಡಲ ನೀರಿನ ಆರು ಅವನ ಅಣ್ಣ ಗಲ್ಫಿನಿಂದ ತಂದಿದ್ದ ನೀಲಿ ಡ್ರಮ್ಮಿನಲ್ಲಿ. ಗುರುತಿಗೆ, ನೆಲಕ್ಕೆ ಹಾಕುವ ಕೆಂಪು ಕಾವಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಕಡಲಿನವಕ್ಕೆ ಒಂದು ಗೆರೆ, ಬಾವಿಯವಕ್ಕೆ ಎರಡು ಗೆರೆ ಎಳೆದ. ನೀರಿಗೆ ಹೋಗುವುದಿಲ್ಲ ಎಂದ. ನೀರಿಗೆ ಹೋಗಲೂ ಇಲ್ಲ.

ಹೋದದ್ದು ನನ್ನ ಕೈಗೆ. ಇಪ್ಪತ್ತೇಳನೆಯ ದಿನ, ಸೋಮವಾರ. ಈಸ್ಟರ್ ಕಳೆದ ಮೇಲೆ ನಮ್ಮ ಇಗರ್ಜಿಯ ಪಾದ್ರಿಗಳು ಮನೆಮನೆಗೆ ಬಂದು ಆಶೀರ್ವಾದದ ನೀರು ಚಿಮುಕಿಸುವ ಕ್ರಮ, ಅಂದು ಸಂಜೆ ನಮ್ಮ ವಾಡೆಯ, ಅಂದರೆ ನಮ್ಮ ಕಡೆಯ ಮನೆಗಳ, ಸರದಿ. ಮನೆಯೊಳಗೆ ಗುಡಿಸಿ ಒರೆಸಿ ಆದ ಮೇಲೆ ಕಣ್ಣು ಅಂಗಳಕ್ಕೆ ಹೋಯಿತು. ಮರಿಗೆಯಲ್ಲಿ ಸೊಳ್ಳೆಮರಿಗಳು, ಡ್ರಮ್ಮಿನಲ್ಲಿ ಲೋಳೆ. ನಾಳೆ ಹೇಗೂ ತೆಗೆಯುವುದೇ ಎಂದುಕೊಂಡು, ಸೆರಗು ಸಿಕ್ಕಿಸಿ, ಎರಡನ್ನೂ ಖಾಲಿ ಮಾಡಿ, ಹನ್ನೆರಡು ಕ್ಯೂಬುಗಳನ್ನೂ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಬಾವಿನೀರು ಹಾಕಿ ತೊಳೆದು, ಅಂಗಳದ ಅಂಚಿಗೆ ಒಂದೇ ಸಾಲಿನಲ್ಲಿ ಬಿಸಿಲಿಗಿಟ್ಟೆ. ಮೇಲೆ ಕೆಂಪಗೆ ಏನೋ ಜಿಡ್ಡು ಇತ್ತು. ಅದನ್ನೂ ಬಿಡಲಿಲ್ಲ. ಸೊಂಟ ಹಿಡಿದುಕೊಂಡು ಎದ್ದು ನಿಂತು ನೋಡಿದಾಗ, ಹೇಳಬಾರದು, ಹೆಮ್ಮೆಯಾಯಿತು.

ಇಸ್ಮಾಯಿಲ್ ನಾಲ್ಕು ಗಂಟೆಗೆ ಬಂದ. ಅಂಗಳಕ್ಕೆ ಕಾಲಿಟ್ಟವನು ಅಲ್ಲಿಯೇ ನಿಂತ. ಚೀಲ ಹೆಗಲಿನಿಂದ ಜಾರಿ ಮೊಣಕೈಗೆ ಬಂತು, ಎತ್ತಿಕೊಳ್ಳಲಿಲ್ಲ. ನಾನು ಎಂತ ಮಾರಾಯ, ಹೇಗೆ ಹೊಳೆಯುತ್ತದೆ ನೋಡು ಎಂದೆ. ಅವನು ಒಂದು ಕ್ಯೂಬನ್ನು ಎತ್ತಿ ಆರೂ ಮುಖ ತಿರುಗಿಸಿ ನೋಡಿ ಇಟ್ಟ. ಇನ್ನೊಂದನ್ನು ಎತ್ತಿದ. ನಾಲ್ಕನೆಯದಕ್ಕೆ ಬರುವಾಗ ನನಗೆ ಅರ್ಥವಾಯಿತು: ಆ ಕೆಂಪು ಜಿಡ್ಡೇ ಗುರುತು. ಬೈದಿದ್ದರೆ ಸುಲಭವಿತ್ತು. ಅವನು ಬೈಯಲಿಲ್ಲ. "ಅಕ್ಕ, ಇದರಲ್ಲಿ ಯಾವುದು ಯಾವುದು?" ಎಂದು ಬಹಳ ಮೆಲ್ಲಗೆ ಕೇಳಿದ, ನನಗೆ ಗೊತ್ತಿರಬಹುದೆಂಬ ಹಾಗೆ.

ಹೊಸದಾಗಿ ಎರೆಯಲು ಸಿಮೆಂಟಿಲ್ಲ, ಇದ್ದರೂ ಇಪ್ಪತ್ತೆಂಟು ದಿನವಿಲ್ಲ. ಯಂತ್ರ ಅವನ ಪಾಲಿಗೆ ಸಿಗುವುದು ಮರುದಿನ ಬೆಳಿಗ್ಗೆ ಮಾತ್ರ. ಫೆಲಿಕ್ಸರು ಕೆಲಸದಿಂದ ಬಂದು ವಿಷಯ ಕೇಳಿ, ಮೊದಲು ನನ್ನನ್ನೂ ಆಮೇಲೆ ಸಾಲನ್ನೂ ನೋಡಿದರು. "ಎಂತ ಮಾರಾಯ್ತಿ, ಪಾದ್ರಿಗಳು ಕ್ಯೂಬಿಗೂ ಆಶೀರ್ವಾದ ಮಾಡಲಿಕ್ಕುಂಟಾ?" ಎಂದಷ್ಟೇ ಹೇಳಿದರು. ಆಮೇಲೆ ಇಸ್ಮಾಯಿಲನಿಗೆ ಇಷ್ಟಕ್ಕೆ ಯಾಕೆ ಸಾಯುತ್ತೀ, ಆರಕ್ಕೆ ಒಂದು ಗೆರೆ, ಆರಕ್ಕೆ ಎರಡು ಗೆರೆ ಎಳೆ, ನೋಡಿದವರು ಯಾರು ಎಂದರು. ಅವನು ತಲೆಯಾಡಿಸಿದ. ಹಾಗಾದರೆ ಮರಳು ನೋಡಿದ ಹಾಗೆ ನೋಡುವುದೇ ಎಂದರು ಇವರು.

ಮೊದಲು ಇಸ್ಮಾಯಿಲನೇ ನೋಡಿದ. ಹೆದರಿಕೆಗೆ ಅವನ ಬಾಯಿ ಒಣಗಿಹೋಗಿತ್ತು. ಎಲ್ಲ ಒಂದೇ ಎಂದ. ಫೆಲಿಕ್ಸರ ನಾಲಗೆಯ ಕತೆ ಹೇಳಿಯಾಗಿದೆ. ಉಳಿದವಳು ನಾನು. ಬಾಯಿ ಮುಕ್ಕಳಿಸಿ, ಅಂಗಳದಲ್ಲಿ ಮೊಣಕಾಲೂರಿ, ಮೊದಲನೆಯದಕ್ಕೆ ನಾಲಗೆ ತಾಗಿಸಿದೆ. ಬಿಸಿಲಿಗೆ ಕಾದಿತ್ತು. ಉಪ್ಪು ಇತ್ತು, ತೆಳ್ಳಗೆ, ಅತ್ತವರ ಕೆನ್ನೆಯ ಹಾಗೆ. ಎರಡನೆಯದರಲ್ಲಿ ಸುಣ್ಣದ ಒಗರು ಮಾತ್ರ. ಪ್ರತಿಯೊಂದರ ನಂತರ ಬಾಯಿ ಮುಕ್ಕಳಿಸಿ, ಒಂದು ಚೂರು ತಣ್ಣನೆ ಅನ್ನ ಜಗಿದು, ಮುಂದಿನದು. ಚೂರು ಕೆತ್ತಿ ಕೊಡಲಾ ಎಂದು ಫೆಲಿಕ್ಸರು ಸುತ್ತಿಗೆ ತಂದರು. ಇಸ್ಮಾಯಿಲ್ ಕ್ಯೂಬಿನ ಮೇಲೆಯೇ ಕೈಯಿಟ್ಟ, ಮೂಲೆ ಹೋದರೆ ಲೆಕ್ಕ ತಪ್ಪುತ್ತದೆ ಎಂದು.

ಏಳು ಮುಗಿದಿತ್ತು. ತಲೆಯೆತ್ತಿದರೆ ಬೇಲಿಯ ದಣಪೆಯ ಹತ್ತಿರ ಪಾದ್ರಿಗಳು, ಕೈಯಲ್ಲಿ ಆಶೀರ್ವಾದದ ನೀರಿನ ಪಾತ್ರೆ. ನಾನು ನಾಲ್ಕು ಕಾಲಲ್ಲಿ. ಅವರು ಏನು ತಿಳಿದರೋ, ಮಗಳೇ, ಎಲ್ಲ ಸರಿಯಾಗಿದೆಯಾ ಎಂದರು. ಆ ಹೊತ್ತಿಗೆ ನನಗೆ ನಾಚಿಕೆಗಿಂತ ದೊಡ್ಡ ಭಯವೊಂದು ಹೊಳೆದಿತ್ತು: ಆ ನೀರಿಗೂ ಉಪ್ಪು ಹಾಕಿರುತ್ತಾರೆ. ನಾನು ಎದ್ದು ಬದಿಯಲ್ಲಿದ್ದ ಗೋಣಿಯನ್ನು ಎಳೆದು ಉಳಿದ ಐದಕ್ಕೂ ಮುಚ್ಚಿ, ಫಾದರ್, ಇಲ್ಲಿಗೆ ಮಾತ್ರ ಬೇಡ ಎಂದೆ. ಆಶೀರ್ವಾದ ಬೇಡ ಎಂದವರನ್ನು ಅವರು ಕಂಡಿರಲಿಕ್ಕಿಲ್ಲ. ಒಳಗೆ ಬಂದು ಪ್ರಾರ್ಥಿಸಿ, ಎಲ್ಲ ಕೋಣೆಗೂ ನೀರು ಹಾಕಿ, ಹೋಗುವಾಗ ಫೆಲಿಕ್ಸರ ಹತ್ತಿರ ಏನೋ ಕಿವಿಯಲ್ಲಿ ಹೇಳಿ ಹೋದರು. ಏನೆಂದು ಫೆಲಿಕ್ಸರು ಇಂದಿಗೂ ಹೇಳಿಲ್ಲ.

ಉಳಿದ ಐದನ್ನು ನೋಡಿದೆ. ಒಟ್ಟಿಗೆ ಐದು ಖಂಡಿತ ಕಡಲು, ಐದು ಖಂಡಿತ ಬಾವಿ. ಕೊನೆಯ ಎರಡು ಮಾತ್ರ ಎರಡೂ ಉಪ್ಪುಪ್ಪು. ಅದಾಗಲು ಸಾಧ್ಯವಿಲ್ಲ, ಒಂದು ಕಡಲಿನದ್ದು, ಒಂದು ಬಾವಿಯದ್ದು ಇರಲೇಬೇಕು. ಮತ್ತೆ ನೋಡಿದೆ. ಮತ್ತೆ ಹಾಗೆಯೇ. ಇಸ್ಮಾಯಿಲ್ ಕಾವಿಯ ಬಟ್ಟಲು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು ಬಲಗಡೆಯದನ್ನು ತೋರಿಸಿ ಇದು ಕಡಲು ಎಂದೆ. "ಖಂಡಿತ ಅಲ್ವಾ ಅಕ್ಕ?" ಎಂದ. ಖಂಡಿತ ಎಂದೆ. ಅವನು ಗೆರೆ ಎಳೆದು, ಹನ್ನೆರಡಕ್ಕೂ ಒದ್ದೆ ಗೋಣಿ ಸುತ್ತಿ, ಅಷ್ಟು ಹೊತ್ತಿಗೆ ಮೊದಲ ಸಲ ಉಸಿರು ಬಿಟ್ಟ.

ಮರುದಿನ ಬೆಳಿಗ್ಗೆ ಗಂಜಿಯ ಪಾತ್ರೆ ತಿಕ್ಕಲೆಂದು ಬೂದಿಯ ಡಬ್ಬಿಗೆ ಕೈ ಹಾಕಿದೆ. ಖಾಲಿ. ಒಲೆಯ ಬೂದಿ ತುಂಬಿಟ್ಟದ್ದಲ್ಲವೇ, ಎಲ್ಲಿ ಹೋಯಿತೆಂದು ಯೋಚಿಸಿದವಳಿಗೆ ನೆನಪಾಯಿತು. ನಿನ್ನೆ ಮೊದಲು ತೊಳೆದ ಎರಡು ಕ್ಯೂಬುಗಳನ್ನು, ಸಾಲಿನ ಆ ತುದಿಯಲ್ಲಿದ್ದವನ್ನೇ, ನಾನು ಬೂದಿಯಲ್ಲಿ ತಿಕ್ಕಿದ್ದೆ. ಎರಡಕ್ಕೇ ಮುಗಿದುಹೋಗಿ ಉಳಿದದ್ದಕ್ಕೆ ಬರೇ ನಾರು. ಬೂದಿಗೂ ಒಂದು ಉಪ್ಪುಂಟು. ಸಂಜೆ ನಾನು ರುಚಿ ನೋಡಿದ್ದು ಕಡಲನ್ನಲ್ಲ, ನನ್ನ ಒಲೆಯನ್ನು.

ಹೊರಗೆ ರಿಕ್ಷಾ ಬಂದಿತ್ತು. ಇಸ್ಮಾಯಿಲ್ ಕ್ಯೂಬುಗಳನ್ನು ಒಂದೊಂದಾಗಿ ತೊಟ್ಟಿಲ ಮಗುವಿನ ಹಾಗೆ ಇಡುತ್ತಿದ್ದ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೆರಡರಲ್ಲಿ ಎರಡು, ಅದೂ ತಪ್ಪಿರಲೇಬೇಕೆಂದಿಲ್ಲ. ಹೇಳಿದರೆ ಅವನು ಕಾಲೇಜಿನ ಮಾಸ್ತರರಿಗೆ ಎಲ್ಲ ಹೇಳಬೇಕಾಗುತ್ತದೆ, ಅವರು ಇವನ್ನು ಮುಟ್ಟುವುದೇ ಇಲ್ಲ ಎನ್ನಬಹುದು. ಹತ್ತು ಕ್ಯೂಬು ಇಡುವವರೆಗೂ ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಹನ್ನೊಂದನೆಯದಕ್ಕೆ ಅವನು ಕೈ ಹಾಕುವಾಗ ಹೇಳಿದೆ.

ಅವನು ಕ್ಯೂಬನ್ನು ಕೆಳಗಿಡಲಿಲ್ಲ. ಹಿಡಿದುಕೊಂಡೇ ಅಂಗಿಯ ತೋಳಿನಿಂದ ಅದರ ಗೆರೆಯನ್ನು ಒರೆಸಿದ. ಇನ್ನೊಂದರದ್ದನ್ನೂ ಒರೆಸಿದ. "ನೀವೂ ಬನ್ನಿ ಅಕ್ಕ. ನಾನು ಹೇಳಿದರೆ ಅವರು ನಂಬುವುದಿಲ್ಲ."

ಮಾಸ್ತರರು ತೆಳ್ಳಗಿನ ಮನುಷ್ಯ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಇಸ್ಮಾಯಿಲ್ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಕಾವಿ, ತೆಂಗಿನೆಣ್ಣೆ, ನಾರು, ಬೂದಿ, ನಾಲಗೆ, ಏನನ್ನೂ ಬಿಡಲಿಲ್ಲ. ಅವರು ಅವನನ್ನು ಬಿಟ್ಟು ನನ್ನನ್ನು ನೋಡಿದರು.

"ಹತ್ತು ಖಂಡಿತವೋ?"

"ಖಂಡಿತ."

"ಈ ಎರಡು?"

"ಗೊತ್ತಿಲ್ಲ."

"ನಿನ್ನೆ ಗೊತ್ತುಂಟು ಎಂದಿರಂತೆ."

"ಅವನ ಮುಖ ನೋಡಿ ಹೇಳಿದೆ."

ಅವರು ಒಳಗೆ ಹೋದರು. ಹೋದದ್ದು ಯಾಕೆಂದು ನಮಗೆ ಗೊತ್ತಿಲ್ಲ. ಇಸ್ಮಾಯಿಲ್ ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆಯನ್ನು ನೋಡುತ್ತಾ ನಿಂತ, ಕಣ್ಣು ಸಾಲಿನ ಮೇಲೆ ಚಲಿಸುತ್ತಿರಲಿಲ್ಲ. ಅವರು ಬರುವಾಗ ಕೈಯಲ್ಲಿ ಒಂದು ಕಂದು ಬಣ್ಣದ ಸಣ್ಣ ಬಾಟಲಿಯಿತ್ತು. ಅದನ್ನು ಮೇಜಿನ ಮೇಲಿಟ್ಟು, ಒಡೆಯಿರಿ ಎಂದರು.

ಯಂತ್ರ ಎರಡು ಕಬ್ಬಿಣದ ಹಲಗೆಗಳ ನಡುವೆ ಕ್ಯೂಬನ್ನು ಹಿಡಿದು ಮೆಲ್ಲಗೆ ಒತ್ತುತ್ತದೆ. ಗಡಿಯಾರದಂಥ ಮುಖದಲ್ಲಿ ಮುಳ್ಳು ಏರುತ್ತಾ ಹೋಗುತ್ತದೆ. ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ, ಆಮೇಲೆ ಒಳಗೆಲ್ಲೋ ಒಣ ಸೌದೆ ಮುರಿದಂಥ ಸದ್ದು. ಮುಳ್ಳು ನಿಂತು ಹಿಂದೆ ಬೀಳುತ್ತದೆ. ಹನ್ನೆರಡು ಸಲ ನಾನು ಸೆರಗು ಹಿಂಡಿದೆ. ಇಪ್ಪತ್ತೇಳು ದಿನ ನಮ್ಮ ಅಂಗಳದಲ್ಲಿದ್ದವು, ಏನೋ ನಮ್ಮವೇ ಎನಿಸುತ್ತಿತ್ತು. ಮಾಸ್ತರರು ಒಂದೊಂದರ ಒಡೆದ ತುಂಡನ್ನು ಮೇಜಿನ ಮೇಲೆ ಸಾಲಾಗಿಟ್ಟು, ಬಾಟಲಿಯಿಂದ ಒಂದೊಂದು ಹನಿ ಹಾಕತೊಡಗಿದರು. ಉಪ್ಪು ಹೊಕ್ಕಿದ್ದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ಕಂದಾಗುತ್ತದೆ ಎಂದರು. ಬೆಳ್ಳಗೆ, ಬೆಳ್ಳಗೆ, ಬೆಳ್ಳಗೆ, ಬೆಳ್ಳಗೆ, ಬೆಳ್ಳಗೆ. ಆಮೇಲೆ ಐದು ಕಂದು. ಅವರು ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು. ಅಂಗಳದಲ್ಲಿ ಮೊಣಕಾಲೂರಿ ನೆಕ್ಕಿದ್ದೆಲ್ಲ ಒಂದು ಬೆರಳುದ್ದದ ಬಾಟಲಿಯಲ್ಲಿ ಇತ್ತಲ್ಲ ಎಂದು ನನಗೆ ನಗುವೂ ಬಂತು, ಸಂಕಟವೂ ಆಯಿತು.

ಉಳಿದವು ಎರಡು. ಒರೆಸಿದರೂ ಒಂದು ಗೆರೆಯ ಕಲೆ ಉಳಿದಿದ್ದ, ನಾನು ಕಡಲು ಎಂದು ತೋರಿಸಿದ್ದದ್ದರ ಮೇಲೆ ಹನಿ ಬಿತ್ತು. ಕಾದೆವು. ಅದು ಮೆಲ್ಲಗೆ ಕಂದಾಯಿತು. ಇನ್ನೊಂದು ಬೆಳ್ಳಗಾಯಿತು.

ಮಾಸ್ತರರು ಇಸ್ಮಾಯಿಲನ ಪುಸ್ತಕ ತೆಗೆದುಕೊಂಡು ಬಹಳ ಹೊತ್ತು ಅಂಕಿಗಳನ್ನು ನೋಡಿದರು. ಕಡಲಿನವಕ್ಕೂ ಬಾವಿಯವಕ್ಕೂ ಬಲದಲ್ಲಿ ಅಂಥ ಅಂತರವೇನೂ ಇರಲಿಲ್ಲ. ಫೆಲಿಕ್ಸರು ಆಮೇಲೆ ಇದನ್ನು ಕೇಳಿ, ಹಾಗಾದರೆ ಕಡಲ ನೀರೇ ಸಾಕಲ್ಲ ಎಂದು ವಾರಗಟ್ಟಲೆ ಗೇಲಿ ಮಾಡಿದರು. ಉಪ್ಪು ಕಾಯುವುದು ಕಬ್ಬಿಣಕ್ಕಾಗಿ, ಅದರ ಲೆಕ್ಕ ಇಪ್ಪತ್ತೆಂಟು ದಿನದ್ದಲ್ಲ ಎಂದು ಇಸ್ಮಾಯಿಲ್ ಅವರಿಗೆ ಎಷ್ಟೋ ಸಲ ಹೇಳಬೇಕಾಯಿತು.

ಮಾಸ್ತರರು ಪೆನ್ನು ತೆಗೆದು ಏನೋ ಬರೆದು ಪುಸ್ತಕ ಮುಚ್ಚಿದರು. "ಹಸಿ ಇರುವಾಗಲೇ ಮೊಳೆಯಲ್ಲಿ ಗೀಚಬೇಕಿತ್ತು. ಅದಕ್ಕೆ ಅಂಕ ಕಡಿದಿದ್ದೇನೆ," ಎಂದರು. ಇಸ್ಮಾಯಿಲ್ ತಲೆ ತಗ್ಗಿಸಿದ. ಅವರು ಪುಸ್ತಕವನ್ನು ಅವನ ಕೈಗಿಡುತ್ತಾ, "ಬಂದರಿನಲ್ಲಿ ದಿಮ್ಮಿ ಎರೆಯುವಾಗ ನೆನಪಿಟ್ಟುಕೋ. ಅಲ್ಲಿ ನೀರಿಗಿಳಿದ ಮೇಲೆ ಯಾರೂ ಎತ್ತಿ ನೋಡುವುದಿಲ್ಲ," ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಅದರ ಅರ್ಥ ಪಾಸು ಎಂದು ನನಗೆ ತಿಳಿಯಲು ಮೆಟ್ಟಿಲಿಳಿಯುವಷ್ಟು ಹೊತ್ತು ಬೇಕಾಯಿತು. ಇಸ್ಮಾಯಿಲನಿಗೆ ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ಬಸ್ಸಿನಲ್ಲಿ ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದ. ಬಿದ್ದುಹೋದೀತು, ನನ್ನ ಕೈಗೆ ಕೊಡು ಎಂದರೂ ಕೊಡಲಿಲ್ಲ. ಪರ್ಕಳದಲ್ಲಿ ಇಳಿದೆವು. ಬಸ್ಸು ಧೂಳೆಬ್ಬಿಸಿ ಹೋಯಿತು. ನಾಲ್ಕು ಹೆಜ್ಜೆ ನಡೆದಿರಬಹುದು, ಅವನು ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಕುಳಿತು, ಪುಸ್ತಕವನ್ನು ಮುಖಕ್ಕೆ ಹಿಡಿದು ಅತ್ತ. ಹೆಗಲು ಕುಲುಕುವ ಹಾಗೆ, ಸದ್ದಿಲ್ಲದೆ. ಪ್ರಾಯಕ್ಕೆ ಬಂದ ಹುಡುಗ, ಹಗಲು ಹನ್ನೊಂದು ಗಂಟೆ, ರಸ್ತೆಯಲ್ಲಿ ಜನ. ನಾನು ಅವನಿಗೆ ಬೆನ್ನು ಹಾಕಿ ಅಡ್ಡವಾಗಿ ನಿಂತು, ಎದುರಿನ ಕ್ಷೌರದಂಗಡಿಯ ಬೋರ್ಡು ಓದತೊಡಗಿದೆ. ಮೂರು ಸಾಲಿತ್ತು. ಅವನು ಎದ್ದು ಬರುವವರೆಗೂ ಅದನ್ನೇ ಮತ್ತೆ ಮತ್ತೆ ಓದಿದೆ.